ಹೂವಿನ ಗುರುತಿನ ಕುಡಿಕೆ

ಕೊಳ್ಳೇಗಾಲದ ಆ ಆಸ್ಪತ್ರೆಗೆ ಸರ್ಕಾರ ಇಟ್ಟ ಹೆಸರು ಏನಿತ್ತೋ, ನಮ್ಮ ಮಧುವನಹಳ್ಳಿಯಲ್ಲಿ ಯಾರೂ ಅದನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಎಲ್ಲರೂ 'ಆಚೆ ಆಸ್ಪತ್ರೆ' ಅನ್ನುತ್ತಿದ್ದರು. ಪೇಟೆ ದಾಟಿ ಹೊಲಗಳ ನಡುವೆ ಹೆಂಚಿನ ಎರಡು ಉದ್ದನೆಯ ಕೊಠಡಿ, ಮುಂದೆ ಕಂಬ ನಿಲ್ಲಿಸಿದ ಜಗಲಿ, ಸುತ್ತ ಕತ್ತಾಳೆ ಬೇಲಿ. ವಾಂತಿಭೇದಿ ಆದವರು, ಗಂಟಲಮಾರಿ ಆದ ಮಕ್ಕಳು, ಸಿಡುಬಿನ ಅಮ್ಮ ಎದ್ದವರು, ಹುಚ್ಚುನಾಯಿ ಕಚ್ಚಿದವರು, ಎಲ್ಲರನ್ನೂ ಅಲ್ಲಿಗೇ ಸಾಗಿಸುತ್ತಿದ್ದರು. ಈಗ ಆ ಕಟ್ಟಡ ಇಲ್ಲ. ಕೊರೊನಾ ಬಂದಾಗ ನಮ್ಮ ಬೀದಿಯ ಹುಡುಗರು ಐಸೋಲೇಷನ್, ಐಸೋಲೇಷನ್ ಅಂತ ತಾವೇ ಕಂಡುಹಿಡಿದವರ ಹಾಗೆ ಆಡಿದರು. ನಾನು ಸುಮ್ಮನಿರುವ ಪೈಕಿ ಅಲ್ಲ. "ನಿಮ್ಮಪ್ಪಂದ್ರು ಹುಟ್ಟಕ್ಮುಂಚೇನೇ ಇತ್ತು ಕಣ್ರುಲಾ ಅದು" ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಳುವವರಿಲ್ಲದ ಮೇಲೆ ಬರೆದಾದರೂ ಇಡೋಣ ಅನ್ನಿಸಿತು.

ನನ್ನ ತವರು ಯಳಂದೂರು. ಎಸ್ಸೆಸ್ಸೆಲ್ಸಿ ಓದಿ ಮಧುವನಹಳ್ಳಿಗೆ ಸೊಸೆಯಾಗಿ ಬಂದೆ. ನಮ್ಮ ಕಡೆ ಆಗ ಅಷ್ಟು ಓದಿದ ಹುಡುಗಿಯರು ಕಡಿಮೆ. ಅದರ ಮೇಲೆ ನನ್ನ ಬಾಯಿ ಬೇರೆ ಜೋರು. "ಈ ಉಡುಗಿ ಬಾಯ್ಗೆ ಬೀಗಾನೇ ಇಲ್ವಲ್ಲಪ್ಪೋ" ಅಂತ ನಮ್ಮತ್ತೆ ನಾನು ಕಾಲಿಟ್ಟ ವಾರದಲ್ಲೇ ಬೀದಿಗೆಲ್ಲ ಸಾರಿದ್ದರು. ಅವರೇನು ಕಡಿಮೆ ಇರಲಿಲ್ಲ. ಇಬ್ಬರೂ ಮಾತಿಗೆ ಮಾತು ಕೊಟ್ಟುಕೊಂಡು, ಮತ್ತೆ ಒಂದೇ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದೆವು. ನಮ್ಮ ಮನೆಯವರದು ಇದಕ್ಕೆ ತದ್ವಿರುದ್ಧ ಸ್ವಭಾವ, ಮಾತು ತೂಕ ಹಾಕಿ ಕೊಡುವವರು. ನಮ್ಮ ಮಾವ ಇನ್ನೂ ಒಂದು ಕೈ ಮೇಲು. ಅವರು ಯಾರನ್ನೂ ಏನನ್ನೂ ಕೇಳುವವರೇ ಅಲ್ಲ. ಗೊತ್ತಿಲ್ಲದ ಊರಿಗೆ ಹೋದರೂ ದಾರಿ ಕೇಳದೆ ಸುತ್ತಿ ಸುತ್ತಿ ಸುಸ್ತಾಗುವ ಜಾತಿ.

ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ಸತ್ತೇಗಾಲದ ನೆಂಟರ ಗದ್ದೆಗೆ ನಾಟಿ ಕೆಲಸಕ್ಕೆ ಅಂತ ಹೋದರು. ಬಾಯಾರಿದಾಗ ಕಾಲುವೆ ನೀರು ಕುಡಿದರಂತೆ; ಎಲ್ಲರೂ ಕುಡಿಯುತ್ತಿದ್ದ ನೀರೇ. ವಾಪಸ್ ಬಂದವರು ಹೊಸಿಲು ದಾಟುವ ಮುಂಚೆಯೇ ವಾಂತಿ ಮಾಡಿದರು. ಆಮೇಲೆ ನಿಲ್ಲಲೇ ಇಲ್ಲ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಣ್ಣು ಗುಳಿ ಬಿದ್ದು, ಬೆರಳು ನೀರಲ್ಲಿ ನೆನೆಸಿದ ಹಾಗೆ ಸುಕ್ಕಾಗಿ, ದನಿ ಹೋಗಿಬಿಟ್ಟಿತ್ತು. ಬ್ಲೀಚಿಂಗ್ ಪೌಡರ್ ಡಬ್ಬ ಹಿಡಿದು ಬಂದ ಹೆಲ್ತ್ ಇನ್ಸ್‌ಪೆಕ್ಟರು ಒಂದು ನೋಟ ನೋಡಿ "ಆಚೆ ಆಸ್ಪತ್ರೆಗೆ ಹಾಕಿ, ಈಗಲೇ" ಅಂದರು. ಗಾಡಿ ಕಟ್ಟಿದರು. ನಮ್ಮತ್ತೆ ಆ ಗಾಡಿಯ ಹಿಂದೆ ಊರ ಬಾಗಿಲವರೆಗೂ ಓಡಿದರು. ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲ ಅಂತ ಊರಲ್ಲಿ ಹಸುಗೂಸಿಗೂ ಗೊತ್ತಿತ್ತು.

ಆಸ್ಪತ್ರೆಯ ಬೇಲಿ ದಾಟಿ ನಮ್ಮನ್ನು ಬಿಡುತ್ತಿರಲಿಲ್ಲ. ಬೇಲಿ ಒಂದು ಕಡೆ ತಗ್ಗಾಗಿತ್ತು, ಅದರ ಆಚೆಗೆ ಒಂದು ಚಪ್ಪಡಿ ಕಲ್ಲು. ಮನೆಯಿಂದ ತಂದ ಗಂಜಿಯನ್ನು ಅಲ್ಲಿ ಸುರಿಯಬೇಕು. ಅದಕ್ಕೊಂದು ಕ್ರಮ ಇತ್ತು. ಒಳಗಿನ ಪಾತ್ರೆ ಹೊರಗೆ ಬರುವ ಹಾಗಿಲ್ಲ, ಹೊರಗಿನದು ಒಳಗೆ ಹೋಗುವ ಹಾಗಿಲ್ಲ. ಆದ್ದರಿಂದ ಸೇರಿಸುವ ದಿನವೇ ಪ್ರತಿ ಮನೆಯವರೂ ಒಂದು ಹೊಸ ಮಣ್ಣಿನ ಕುಡಿಕೆ ತಂದು ಕೊಡಬೇಕು. ಅದು ಆ ರೋಗಿಯದು, ಒಳಗೇ ಇರುತ್ತದೆ. ಊಟದ ಹೊತ್ತಿಗೆ ಆಸ್ಪತ್ರೆಯ ಆಯಾ ಒಬ್ಬಳು ಕುಡಿಕೆಗಳನ್ನೆಲ್ಲ ತಂದು ಕಲ್ಲಿನ ಮೇಲೆ ಸಾಲಾಗಿ ಇಟ್ಟು ದೂರ ನಿಲ್ಲುತ್ತಾಳೆ. ನಾವು ಈಚೆಯಿಂದ ಕೈ ಚಾಚಿ, ಮುಟ್ಟದಂತೆ ಮೇಲಿನಿಂದ ಗಂಜಿ ಸುರಿಯುತ್ತೇವೆ. ರೋಗಿ ಆಸ್ಪತ್ರೆ ಬಿಟ್ಟ ದಿನ ಕುಡಿಕೆಯನ್ನು ಬೇಲಿಯ ಪಕ್ಕದ ಗುಂಡಿಗೆ ಎಸೆದು ಒಡೆಯುತ್ತಿದ್ದರು. ವಾಸಿಯಾಗಿ ಬಿಟ್ಟರೂ ಒಡೆಯುತ್ತಿದ್ದರು, ಸತ್ತರೂ ಒಡೆಯುತ್ತಿದ್ದರು. ವಾಸಿಯಾದವನು ಗೇಟಿನ ಹತ್ತಿರ ನಿಂತಿರುತ್ತಿದ್ದ. ಕುಡಿಕೆ ಒಡೆದು, ಗೇಟಿನಲ್ಲಿ ಯಾರೂ ಇಲ್ಲದಿದ್ದರೆ ಬೇರೆ ಯಾರೂ ಬಂದು ಹೇಳಬೇಕಾಗಿರಲಿಲ್ಲ.

ಕುಡಿಕೆಗಳೆಲ್ಲ ಒಂದೇ ಥರ ಇರುವುದರಿಂದ ಸುಣ್ಣದಲ್ಲಿ ಗುರುತು ಹಾಕಬೇಕಿತ್ತು. ಕೆಲವರು ಗೆರೆ ಎಳೆದರು, ಕೆಲವರು ಚುಕ್ಕಿ ಇಟ್ಟರು. ನಾನು ನಾಲ್ಕು ಎಸಳಿನ ಹೂವು ಬರೆದೆ. "ಮದ್ವೆ ಮನೆ ಕೆಟ್ಟೋಯ್ತು ನೋಡು, ರಂಗೋಲಿ ಬುಡ್ತಾಳೆ" ಅಂತ ಅತ್ತೆ ಗದರಿದರು. ನಾನು ಗುರುತು ಅಳಿಸಲಿಲ್ಲ. ಅಲ್ಲಿ ಆಯಾಗೆ ರೋಗಿಗಳ ಹೆಸರು ನೆನಪಿರುತ್ತಿರಲಿಲ್ಲ, ಎಲ್ಲರನ್ನೂ ಕುಡಿಕೆಯಿಂದಲೇ ಗುರುತಿಸುತ್ತಿದ್ದಳು. ಹಾಗಾಗಿ ನಮ್ಮ ಮನೆಯವರು ಅಲ್ಲಿ ಹೂವಿನ ಕುಡಿಕೆಯವರಾದರು.

ಬೆಳಿಗ್ಗೆ ಮಾವ ಗಂಜಿ ಒಯ್ಯುತ್ತಿದ್ದರು, ಸಂಜೆ ನಾನೂ ಅತ್ತೆಯೂ ಹೋಗುತ್ತಿದ್ದೆವು. ನಮ್ಮ ಮನೆಯವರ ಮುಖ ನೋಡಲು ಆಗುತ್ತಿರಲಿಲ್ಲ. ಎದ್ದು ಜಗಲಿಗೆ ಬರುವ ಶಕ್ತಿ ಅವರಿಗಿರಲಿಲ್ಲ. ಆಯಾ ದೂರದಿಂದಲೇ ಕೂಗಿ ಹೇಳುತ್ತಿದ್ದಳು: ಗ್ಲೂಕೋಸ್ ಬಾಟ್ಲು ಏರಿಸವ್ರೆ, ವಾಂತಿ ನಿಂತದೆ, ಇನ್ನೂ ಮಾತಾಡ್ತಿಲ್ಲ. ಮೊದಮೊದಲು ಗಂಜಿ ಹಾಗೇ ಉಳಿದುಹೋಗುತ್ತಿತ್ತಂತೆ. ಒಂದು ಸಂಜೆ ಮಾತ್ರ "ಊವಿನ್ ಕುಡ್ಕೆ ಖಾಲಿ ಕಣಮ್ಮೀ! ಬಳ್ದು ಬಳ್ದು ಉಂಡವ್ನೆ" ಅಂದಳು. ನಾನೂ ಅತ್ತೆಯೂ ಬೇಲಿಯ ಹತ್ತಿರವೇ ಕೈ ಹಿಡಿದುಕೊಂಡು ನಕ್ಕೆವು. ಆಮೇಲಿಂದ ದಿನವೂ ಕುಡಿಕೆ ಖಾಲಿ. ಅತ್ತೆ ಗಂಜಿಗೆ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕತೊಡಗಿದರು.

ಅಷ್ಟು ಸಮಾಧಾನ ಆದ ಮೇಲೆ ಆ ಬೆಳಿಗ್ಗೆ ಬಂತು. ನಾನು ಹಿತ್ತಲಲ್ಲಿ ರಾಗಿ ಕೇರುತ್ತಿದ್ದೆ. ಮಾವ ಬಂದರು. ಪಂಚೆ ಒದ್ದೆ, ಮೈ ಒದ್ದೆ, ತಲೆ ಬೋಳು. ಯಾರೂ ಏನೂ ಕೇಳಬೇಕಾಗಿರಲಿಲ್ಲ. ಮಕ್ಕಳಾಗದೆ ಮಗ ಸತ್ತರೆ ನಮ್ಮಲ್ಲಿ ಅಪ್ಪನೇ ತಲೆ ಬೋಳಿಸಿಕೊಂಡು ಕ್ರಿಯೆ ಹಿಡಿಯಬೇಕು. ಕಲ್ಲಿನ ಮೇಲೆ ನಮ್ಮ ಕುಡಿಕೆ ಇರಲಿಲ್ಲವಂತೆ. ಗುಂಡಿ ಇಣುಕಿ ನೋಡಿದರೆ ಸುಣ್ಣದ ಹೂವಿನ ಚೂರು ಕಂಡಿತಂತೆ. ಗೇಟಿನಲ್ಲಿ ಯಾರೂ ಇಲ್ಲ. ವಾಂತಿಭೇದಿಯ ಹೆಣವನ್ನು ಮನೆಯವರಿಗೆ ಕೊಡುವುದಿಲ್ಲ, ಪುರಸಭೆಯ ಆಳುಗಳೇ ಸುಣ್ಣ ಸುರಿದು ಹೂತುಬಿಡುತ್ತಾರೆ ಅನ್ನುವುದೂ ಅವರಿಗೆ ಗೊತ್ತು. ಇನ್ನು ಕೇಳುವುದೇನಿದೆ ಅಂತ ಕ್ಷೌರದವನ ಮುಂದೆ ತಲೆ ಕೊಟ್ಟು, ಕೆರೆಯಲ್ಲಿ ಮುಳುಗಿ, ಮನೆಗೆ ಬಂದಿದ್ದರು.

ಅತ್ತೆ ಅಂಗಳದಲ್ಲೇ ಬಿದ್ದರು. ಅವರು ಅತ್ತ ಅಳುವನ್ನು ನಾನು ಬರೆಯಲಾರೆ. ಎದೆ ಎದೆ ಬಡಿದುಕೊಂಡು, ಮಗ ಹುಟ್ಟಿದಂದಿನಿಂದ ಗಾಡಿ ಹತ್ತಿದ ಗಳಿಗೆಯವರೆಗೂ ಒಂದೊಂದನ್ನೇ ಎತ್ತಿ ಹಾಡಿಕೊಂಡು ಅತ್ತರು. ಬೀದಿಯ ಹೆಂಗಸರೆಲ್ಲ ಬಂದು ಸುತ್ತ ಕೂತರು, ಅವರೂ ದನಿಗೂಡಿಸಿದರು. ನನ್ನ ಕಣ್ಣಲ್ಲಿ ಒಂದು ಹನಿ ಇಲ್ಲ. ಮೊರ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ಮೊನ್ನೆವರೆಗೂ ಕುಡಿಕೆ ಬಳಿದು ಉಂಡವರು ಹೇಗೆ ಸಾಯುತ್ತಾರೆ ಅನ್ನುವುದೊಂದೇ ತಲೆಯಲ್ಲಿ ಗಿರ್ ಅನ್ನುತ್ತಿತ್ತು.

ಅಷ್ಟರಲ್ಲಿ ಹಿರಿಯ ಹೆಂಗಸರಲ್ಲಿ ಮಾತು ಶುರುವಾಯಿತು. ಹೆಣವಿಲ್ಲದ ಸಾವು, ಬಳೆ ಇವತ್ತೇ ಒಡೆಯಬೇಕೋ, ತಿಥಿಯ ದಿನ ಒಡೆಯಬೇಕೋ ಅಂತ. ಇವತ್ತೇ ಅನ್ನುವವರು ಹೆಚ್ಚಾದರು. ಮಾವನ ಅಕ್ಕ ಬಂದು ನನ್ನ ಮುಂಗೈ ಹಿಡಿದರು.

"ಬಾ ಕೂಸೆ, ಕುಂತ್ಕೊ. ನಿನ್ನ ಅಣೇಲಿ ಬರ್ದದ್ದು ಇಷ್ಟೆ."

"ಕೈ ಬುಡಿ" ಅಂದೆ.

"ಅಂಗನ್ಬಾರ್ದು ಕಣವ್ವ. ತೀರ್ಕಂಡವ್ರಿಗೆ ಒಳ್ಳೇದಾಗಲ್ಲ."

"ನನ್ ಕಣ್ಣಲ್ಲಿ ನೋಡ್ದೆ ನಾನ್ ಒಂದ್ ಬಳೇನೂ ತೆಗ್ಯಲ್ಲ. ಯಾರಾದ್ರೂ ಮುಟ್ಟುದ್ರೆ ಕಚ್ಬುಡ್ತೀನಿ, ನೋಡ್ಕಳಿ."

ನಿಜಕ್ಕೂ ಕಚ್ಚುತ್ತಿದ್ದೆ. ನನ್ನ ಮುಖ ನೋಡಿ ಅವರು ಕೈ ಬಿಟ್ಟರು. ಗಂಡ ಸತ್ತ ಹೊತ್ತಲ್ಲಿ ಇದೆಂಥ ಸೊಕ್ಕು ಅಂತ ಯಾರೋ ಹಿಂದಿನಿಂದ ಅಂದರು. ನಾನು ಸೆರಗು ಬಿಗಿದುಕೊಂಡು ಕೊಳ್ಳೇಗಾಲದ ರಸ್ತೆ ಹಿಡಿದೆ. ಯಾರೂ ಜೊತೆಗೆ ಬರಲಿಲ್ಲ. ಊರು ದಾಟಿ ಬಹಳ ದೂರದವರೆಗೂ ಅತ್ತೆಯ ಅಳು ಕೇಳಿಸುತ್ತಿತ್ತು. ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡೆ ಅಂತ ಹೇಳಿದರೆ ಸುಳ್ಳಾಗುತ್ತದೆ, ಬೈದುಕೊಂಡು ಹೋದೆ. ದೇವರನ್ನು, ಮಾವನನ್ನು, ಸತ್ತೇಗಾಲದ ಕಾಲುವೆಯನ್ನು, ಎಲ್ಲವನ್ನೂ.

ಬೇಲಿಯ ಹತ್ತಿರ ಬಂದಾಗ ನಮ್ಮ ಆಯಾ ಇರಲಿಲ್ಲ. ಅವಳಿಗೇ ಜ್ವರ ಬಂದು ಮಲಗಿದ್ದಳಂತೆ, ಬದಲಿಗೆ ಬೇರೊಬ್ಬಳು ಬಂದಿದ್ದಳು. "ಯಾರ್ ಕಡೆಯವ್ಳಮ್ಮೀ?" ಅಂತ ಕೇಳಿದಳು.

"ಊವಿನ್ ಕುಡ್ಕೆಯವ್ರ ಕಡೆ."

ಅವಳ ಮುಖ ಇಳಿದುಹೋಯಿತು. "ಅಯ್ಯೋ, ಆವಯ್ಯ ಓಗ್ಬುಟ್ಟ ಕಣಮ್ಮೀ. ಬೆಳ್ಕರಿತಿದ್ದಂಗೇನೆ ಓದ. ಆಗ್ಲೇ ತಕಂಡೋಗಿ ಮಣ್ಣೂ ಮಾಡ್ಬುಟ್ರು. ಕುಡ್ಕೆ ನಾನೇ ಒಡ್ದೆ."

ಮಣ್ಣಲ್ಲಿ ಕೂತೆ. ಅಷ್ಟು ಹೊತ್ತು ಮಾವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟಿಗೆ ಆಧಾರವೇ ಇಲ್ಲದಂತಾಯಿತು. ಅಳಬೇಕಿತ್ತು. ಅಳು ಬರಲಿಲ್ಲ, ಬಾಯಿ ಬಂತು. ಬೇಲಿ ಹಿಡಿದು ಎದ್ದು ನಿಂತು ಕಿರುಚಿದೆ. "ಯಾರನ್ ಕೇಳಿ ಮಣ್ ಮಾಡುದ್ರಿ? ಎಂಡ್ತಿ ಅಂತ ಒಬ್ಳವ್ಳೆ, ಒಂದ್ಸಲ ಮೊಕ ತೋರುಸ್ಬೇಕು ಅನ್ನದ್ ಗೊತ್ತಾಗ್ಲಿಲ್ವ ನಿಮ್ಗೆ? ಅಗುದ್ ತೋರ್ಸಿ! ನೋಡ್ದೆ ನಾನ್ ಇಲ್ಲಿಂದ ಅಳ್ಳಾಡಲ್ಲ!" ಆಯಾ ಪಾಪ, ಸುಮ್ನಿರು ಸುಮ್ನಿರು ಅಂತ ಕೈಮುಗಿಯುತ್ತಿದ್ದಳು. ನಾನು ಇನ್ನೂ ಏನೇನು ಅಂದೆನೋ ನೆನಪಿಲ್ಲ. ಕತ್ತಾಳೆಯ ಮುಳ್ಳು ಅಂಗೈಗೆ ಚುಚ್ಚಿ ರಕ್ತ ಬಂದದ್ದೂ ಗೊತ್ತಾಗಲಿಲ್ಲ.

ಜಗಲಿಯ ಮೇಲೆ ಯಾರೋ ಬಂದರು. ಕಂಬಳಿ ಹೊದ್ದು, ಕಂಬ ತಬ್ಬಿಕೊಂಡು, ಮೂಳೆ ಚಕ್ಕಳವಾದ ಒಬ್ಬ ಮುದುಕ. ನನ್ನ ಕಡೆ ನೋಡಿದ.

"ಯಾಕ್ಮೀ ಅಂಗ್ ಬಡ್ಕತೀಯೆ?" ಅಂದ. "ಒಳ್ಗೆ ಜನ ಮಲ್ಗವ್ರೆ."

ದನಿ ಒಡೆದಿತ್ತು. ಮುಖ ಗುರುತೇ ಸಿಗುತ್ತಿರಲಿಲ್ಲ. ಆದರೆ ಆ ಗದರಿಕೆ ನನ್ನ ಗಂಡನದು. ನಾಲ್ಕು ಜನರ ಮುಂದೆ ನಾನು ಬಾಯಿ ಮಾಡಿದಾಗಲೆಲ್ಲ ಅದೇ ಥರ, ಅಷ್ಟೇ ಮೆಲ್ಲಗೆ ಗದರುತ್ತಿದ್ದರು. ನನಗೆ ಆಗ ಅಳು ಬಂತು. ಬೇಲಿಯ ಈಚೆ ನಿಂತು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಆಯಾ ಬಾಯಿಗೆ ಕೈ ಇಟ್ಟುಕೊಂಡು, ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತ ನಿಂತಳು.

"ನಿಮ್ ಕುಡ್ಕೆ ಎಲ್ರಿ? ಒಡ್ದಾಕವ್ರಲ್ಲ!" ಅಂತ ಕೇಳಿದೆ, ಅದೇ ದೊಡ್ಡ ವಿಷಯ ಅನ್ನುವ ಹಾಗೆ.

"ಕುಡ್ಕೆ ಅಣ್ಣುನ್ ತಾವಿತ್ತು" ಅಂದರು. ಅಷ್ಟು ಹೇಳಿ ಕಂಬದ ಬುಡದಲ್ಲೇ ಕುಸಿದು ಕೂತು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡರು.

ಅವರು ಹೇಳಿದ್ದನ್ನೂ, ಆಮೇಲೆ ಆಯಾ ಹೇಳಿದ್ದನ್ನೂ ಸೇರಿಸಿದರೆ ವಿಷಯ ಇಷ್ಟು. ಪಕ್ಕದ ಮಂಚದಲ್ಲಿ, ಹನೂರಿನಾಚೆ ತಮಿಳು ಗಡಿಯ ಹೂಗ್ಯದ ಕಡೆಯವನೊಬ್ಬ ಇದ್ದ. ಸತ್ತೇಗಾಲಕ್ಕೆ ಕಬ್ಬು ಕಡಿಯುವ ಕೂಲಿಗೆ ಬಂದವನು, ಅಲ್ಲೇ ವಾಂತಿಭೇದಿಯಾಗಿ ಬಿದ್ದಿದ್ದ. ಗಾಡಿಯಲ್ಲಿ ತಂದು ಹಾಕಿದವರು ಹೂಗ್ಯದವನು ಅಂತ ಮಾತ್ರ ಹೇಳಿ ಹೋಗಿದ್ದರು. ಅವನಿಗೆ ಯಾರೂ ಗಂಜಿ ತರುವವರಿಲ್ಲ, ಆದ್ದರಿಂದ ಕುಡಿಕೆಯೂ ಇಲ್ಲ. ಆಸ್ಪತ್ರೆಯವರು ಕೊಟ್ಟದ್ದನ್ನು ಕುಡಿಯುತ್ತಿದ್ದ. ಸ್ವಲ್ಪ ಚೇತರಿಸಿಕೊಂಡ ಮೇಲೆ ನಮ್ಮ ಮನೆಯ ಗಂಜಿಯ ವಾಸನೆಗೆ ತಲೆ ಎತ್ತಿ ನೋಡಿದನಂತೆ. ನಮ್ಮ ಮನೆಯವರಿಗೆ ಒಂದು ಗುಟುಕೂ ಸೇರುತ್ತಿರಲಿಲ್ಲ. "ತಕಣ್ಣ" ಅಂತ ಕುಡಿಕೆಯನ್ನು ಅವನ ಕಡೆ ಸರಿಸಿದರು. ಆಮೇಲಿಂದ ಕುಡಿಕೆ ಅವನ ಮಂಚದ ಕೆಳಗೇ ಉಳಿಯಿತು. ಅವನು ಇವರನ್ನು ತಂಬಿ ಅನ್ನುತ್ತಿದ್ದ, ಇವರು ಅವನನ್ನು ಅಣ್ಣ ಅನ್ನುತ್ತಿದ್ದರು. ಒಬ್ಬರ ಹೆಸರು ಒಬ್ಬರು ಕೇಳಲೇ ಇಲ್ಲ. ಚೇತರಿಸಿಕೊಂಡ ಅಂದುಕೊಂಡವನಿಗೆ ಇದ್ದಕ್ಕಿದ್ದ ಹಾಗೆ ಮತ್ತೆ ಶುರುವಾಗಿ ಬೆಳಕು ಹರಿಯುವಾಗ ಹೋಗಿಬಿಟ್ಟ. ಮುಖ ಪರಿಚಯವಿಲ್ಲದ ಹೊಸ ಆಯಾ, ಮಂಚದ ಕೆಳಗೆ ಯಾವ ಕುಡಿಕೆ ಇತ್ತೋ ಅದನ್ನು ಒಡೆದಳು. ಅವಳದೇನೂ ತಪ್ಪಿಲ್ಲ, ಅಲ್ಲಿ ಕೆಲಸ ನಡೆಯುತ್ತಿದ್ದದ್ದೇ ಹಾಗೆ.

ನಾನೂ ಅತ್ತೆಯೂ ಕೈ ಹಿಡಿದುಕೊಂಡು ನಕ್ಕೆವಲ್ಲ, ಆ ಗಂಜಿ ಬಳಿದು ಉಂಡವನು ಅವನು.

ಊರಿಗೆ ವಾಪಸ್ ಬಂದು "ಬದ್ಕವ್ರೆ" ಅಂದರೆ ಯಾರೂ ನಂಬಲಿಲ್ಲ. ಹುಡುಗಿಗೆ ತಲೆ ಕೆಟ್ಟಿತು ಅಂದುಕೊಂಡರು. ಅತ್ತೆ ಮಾತ್ರ ಅಳು ನಿಲ್ಲಿಸಿ, ಕೆದರಿದ ಕೂದಲಲ್ಲೇ ನನ್ನ ಕೈ ಹಿಡಿದು ಎಳೆದುಕೊಂಡು ಹೊರಟರು. ಬೇಲಿಯ ಈಚೆಯಿಂದ ಮಗನನ್ನು ನೋಡಿದರು. ನೋಡಿ ನೋಡಿ, ಕೊನೆಗೆ ನನ್ನ ಕೆನ್ನೆ ಸವರಿ "ನಿನ್ ಬಾಯ್ಗೆ ಸಕ್ರೆ ಆಕ" ಅಂದರು. ಅವರು ನನ್ನನ್ನು ಒಳ್ಳೆಯ ಮಾತಲ್ಲಿ ಹರಸಿದ್ದು ಅದೇ ಮೊದಲು.

ನಮ್ಮ ಮನೆಯವರು ನಡೆಯುವಷ್ಟಾಗಿ ಊರಿಗೆ ಬಂದರು. ಬಂದವರನ್ನು ಮನೆಯೊಳಗೆ ಕರೆದುಕೊಳ್ಳುವುದು ಹೇಗೆ ಅನ್ನುವುದೇ ದೊಡ್ಡ ಗೋಳಾಯಿತು. ಮಾವ ತಲೆ ಬೋಳಿಸಿ ಆಗಿತ್ತು. ಸೂತಕ ಹಿಡಿದು ಆಗಿತ್ತು. ಒಲೆ ಹಚ್ಚದೆ ನೆರೆಯವರು ಅನ್ನ ತಂದು ಹಾಕಿ ಆಗಿತ್ತು. ಹಿಡಿದ ಸೂತಕವನ್ನು ಸುಮ್ಮನೆ ಬಿಟ್ಟುಬಿಟ್ಟರೆ ಅದು ಮನೆಯಲ್ಲಿ ಇನ್ನೊಬ್ಬರನ್ನು ಕೇಳುತ್ತದೆ ಅಂತ ಹಿರಿಯರು ಹೆದರಿಸಿದರು. ಇವರಿಗೆ ಹೊಸದಾಗಿ ನಾಮಕರಣ ಮಾಡಬೇಕು, ನನಗೆ ಮತ್ತೆ ತಾಳಿ ಕಟ್ಟಬೇಕು, ಏನೇನೋ ಅಂದರು. ನಮ್ಮ ಮನೆಯವರು ಜಗಲಿಯ ತುದಿಯಲ್ಲಿ ಕಂಬಳಿ ಹೊದ್ದು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು, ಬೇರೆ ಯಾರದೋ ವಿಷಯ ಅನ್ನುವ ಹಾಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತರು.

"ಇಡ್ದಿರೋ ಸೂತ್ಕ ಯಾಕ್ ಬುಡ್ಬೇಕು? ಸತ್ತೋದವ್ನು ಒಬ್ಬ ಇದ್ದಾನಲ್ಲ. ನನ್ ಮಗುನ್ ಕುಡ್ಕೇಲಿ ಉಂಡು ಓದವ್ನೆ. ಅವ್ನ ಎಸ್ರಲ್ಲೇ ತಿಥಿ ಮುಗ್ಸಿ."

"ಯಾವ್ ಜಾತಿಯವ್ನೋ ಏನೋ" ಅಂದರು ಮಾವ.

"ತಲೆ ಬೋಳಿಸ್ಕಳಕ್ ಮುಂಚೆ ಕೇಳ್ಬೇಕಾಗಿತ್ತು ಅದ್ನ" ಅಂದರು ಅತ್ತೆ. "ಅಲ್ಲೊಂದ್ ಮಾತ್ ಕೇಳ್ದವ್ರಲ್ಲ, ಇಲ್ಲಿ ಬಂದು ಜಾತಿ ಕೇಳ್ತೀರ."

ತಿಥಿ ಆಯಿತು. ಒಂದಿಬ್ಬರು ಬೀದಿಯವರು ಊಟಕ್ಕೆ ಬರಲಿಲ್ಲ, ಬರದಿದ್ದರೆ ಬೇಡ. ಎಡೆ ಇಡುವಾಗ ಅವನಿಗೆ ಏನು ಇಷ್ಟ ಅಂತ ನಮ್ಮ ಮನೆಯವರನ್ನು ಕೇಳಿದೆವು. ಗುಣವಾದ ಮೇಲೆ ಹುರುಳಿ ಸಾರು, ಮುದ್ದೆ ಹೊಟ್ಟೆ ಬಿರಿಯ ತಿನ್ನಬೇಕು ಅನ್ನುತ್ತಿದ್ದನಂತೆ. ಅದನ್ನೇ ಮಾಡಿದೆವು. ಯಾರ ಎಡೆ ಅಂತ ಹೇಳಿ ಕೈಮುಗಿಯಬೇಕಲ್ಲ. ಹೂಗ್ಯದವನ ಎಡೆ ಅಂದೆವು. ಎಲ್ಲ ಸಾಂಗವಾಗಿ ಮುಗಿಯಿತು ಅಂತ ಮನಸ್ಸಿಗೆ ನೆಮ್ಮದಿಯಾಯಿತು. ಅವನಿಗೂ ಒಂದು ದಾರಿ ಆಯಿತು, ನಮಗೂ ಆಯಿತು ಅಂದುಕೊಂಡೆವು.

ಹನೂರಿನ ಸಂತೆಗೆ ಹೋಗುವವರ ಕೈಯಲ್ಲೆಲ್ಲ ನಮ್ಮ ಮನೆಯವರು ಹೇಳಿ ಕಳಿಸಿದರು: ಹೂಗ್ಯದಿಂದ ಕಬ್ಬು ಕಡಿಯಲು ಬಂದವನ ಮನೆಯವರು ಯಾರಾದರೂ ಇದ್ದರೆ ಮಧುವನಹಳ್ಳಿಗೆ ಬಂದು ವಿಚಾರಿಸಲಿ ಅಂತ. ಹೆಸರಿಲ್ಲದ ಮನುಷ್ಯನ ಸುದ್ದಿ ಹೋಗಿ ತಲುಪುವುದು ಸುಲಭವಲ್ಲ. ಮಳೆಗಾಲ ಕಳೆಯಿತು, ರಾಗಿ ಕೊಯ್ಲೂ ಆಯಿತು.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ನಮ್ಮ ಅಂಗಳಕ್ಕೆ ಬಂದು ನಿಂತಳು. ನನಗಿಂತ ಹತ್ತಾರು ವರ್ಷ ದೊಡ್ಡವಳು. ಬಸ್ಸಿನ ಧೂಳು ಮುಖದ ತುಂಬ, ಕಂಕುಳಲ್ಲಿ ಬಟ್ಟೆಯ ಗಂಟು, ಕೈ ತುಂಬ ಗಾಜಿನ ಬಳೆ. ಮಾತಲ್ಲಿ ಅರ್ಧ ತಮಿಳು. ಕಬ್ಬಿನ ಕೂಲಿಗೆ ಬಂದವರು ತಿರುಗಿ ಬಂದೇ ಇಲ್ಲ, ಇಲ್ಲಿ ಕೇಳಿದರೆ ಗೊತ್ತಾಗುತ್ತದೆ ಅಂತ ಯಾರೋ ಅಂದರು ಅಂದಳು. ಆ ಬಳೆ ನೋಡಿದೊಡನೆ ನನಗೆ ತಿಳಿದುಹೋಯಿತು. ಅವಳಿಗೆ ಏನೂ ಗೊತ್ತಿರಲಿಲ್ಲ.

ನಮ್ಮ ಮನೆಯವರೇ ಅವಳ ಮುಂದೆ ಕೂತು ಹೇಳಿದರು. ಹೇಗೆ ತಂದು ಹಾಕಿದರು, ಹೇಗೆ ಚೇತರಿಸಿಕೊಂಡ, ಹೇಗೆ ಹೋದ, ಎಲ್ಲ. ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಅವಳು ನೆಲ ನೋಡಿಕೊಂಡು "ಆಮಾ, ಆಮಾ" ಅಂತ ತಲೆಯಾಡಿಸುತ್ತಾ ಕೇಳಿದಳು. ಸಾವಿನ ಮಾತು ಬಂದಾಗಲೂ ಹಾಗೇ ತಲೆಯಾಡಿಸಿದಳು. ಅವಳು ಅಳದೇ ಇದ್ದದ್ದು ನೋಡಿ ನನಗೆ ದಿಗಿಲಾಯಿತು.

ಅತ್ತೆಗೂ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತ ಸಮಾಧಾನ ಹೇಳತೊಡಗಿದರು. "ಅನಾಥ್ವಾಗಿ ಓದ ಅನ್ಕಬ್ಯಾಡ ಕಣವ್ವ. ನಮ್ಮೆಜಮಾನ್ರು ತಲೆ ಬೋಳಿಸ್ಕಂಡವ್ರೆ. ಸೂತ್ಕ ಇಡ್ದಿದ್ದೀವಿ. ತಿಥಿ ಮಾಡಿದ್ದೀವಿ, ಉಳ್ಳಿ ಸಾರು ಮಾಡಿ ಎಡೆ ಇಟ್ಟಿದ್ದೀವಿ. ಏನೂ ಕಮ್ಮಿ ಮಾಡಿಲ್ಲ."

ಅವಳು ತಲೆ ಎತ್ತಿದಳು. "ಅತ್ರಾ?" ಅಂತ ಕೇಳಿದಳು.

"ಅಳ್ದೆ ಇರ್ತೀವಾ? ಈ ಬೀದಿಗ್ ಬೀದಿನೇ ಅತ್ತದೆ. ನಾನಂತೂ ಒಟ್ಟೆ ಬಗ್ದಂಗೆ ಅತ್ತಿದ್ದೀನಿ."

ಅವಳು ಅತ್ತೆಯನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆಕ್ಷೇಪಣೆಯೂ ಇರಲಿಲ್ಲ. "ಅದು ನಿಮ್ ಮಗುನ್ಗಲ್ವ ಅತ್ತದ್ದು?" ಅಂದಳು. "ನಮ್ಮನೆಯವ್ರಿಗೆ ಅಂತ ಯಾರತ್ರು?"

ಮಾವ ಎದ್ದು ಅಂಗಳದ ಆಚೆ ಹೋಗಿ ನಿಂತರು. ನಮ್ಮ ಮನೆಯವರು ಮುಖ ತಗ್ಗಿಸಿದರು. ಆವತ್ತು ಕಂಬಳಿಯೊಳಗೆ ಅವರಿಗೂ ಅಳಲು ಆಗಿರಲಿಲ್ಲ. ಮೈಯಲ್ಲಿ ಅಳುವಷ್ಟೂ ನೀರಿರಲಿಲ್ಲ ಅಂತ ನನಗೊಬ್ಬಳಿಗೇ ಹೇಳಿದ್ದರು. ನಾನು ಅತ್ತದ್ದು ಯಾರಿಗೆ ಅಂತ ನನಗೆ ಗೊತ್ತಿತ್ತು. ಅವಳ ಮುಂದೆ ಕೂತಿದ್ದಾಗಲೂ, ಅಯ್ಯೋ ಪಾಪ ಅನ್ನಿಸುತ್ತಿದ್ದಾಗಲೂ, ನನ್ನ ಗಂಡ ಉಳಿದರಲ್ಲ ಅನ್ನುವ ಸಂತೋಷ ನನ್ನೊಳಗಿಂದ ಹೋಗಲಿಲ್ಲ. ಅದನ್ನು ಅವಳು ನೋಡಿಬಿಟ್ಟರೆ ಏನು ಗತಿ ಅಂತ ನಾನೂ ತಲೆ ತಗ್ಗಿಸಿದೆ.

ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡರು.

"ನಿಜ ಕಣವ್ವ" ಅಂದರು. "ನಾನ್ ಅತ್ತದ್ದು ನನ್ ಮಗುನ್ಗೆ. ನಿನ್ ಗಂಡುನ್ಗೆ ಅಳನಾ ಅಂದ್ರೆ ಏನಂತ ಕರ್ದು ಅಳ್ಲಿ? ಅವ್ರ ಎಸ್ರೇನವ್ವ?"

ನಮ್ಮಲ್ಲಿ ಸತ್ತವರಿಗೆ ಅಳುವುದೆಂದರೆ ಬರೀ ಕಣ್ಣೀರು ಹಾಕುವುದಲ್ಲ, ಹೆಸರು ಹಿಡಿದು ಕೂಗಿ ಅಳಬೇಕು. ಆದರೆ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಅಂತ ಹೆದರಿಸಿಯೇ ನಮ್ಮನ್ನೆಲ್ಲ ಬೆಳೆಸಿದ್ದರು. ಅವಳನ್ನೂ ಹಾಗೇ ಬೆಳೆಸಿದ್ದರು. ತುಟಿ ಅಲುಗಿಸಿದಳು, ಮತ್ತೆ ಮುಚ್ಚಿದಳು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಈಗೇಳುದ್ರೆ ಇನ್ನೇನ್ ಕಮ್ಮಿಯಾದದು" ಅಂದಳು.

ಹೇಳಿದಳು. ಎಷ್ಟು ಮೆಲ್ಲಗೆ ಹೇಳಿದಳೆಂದರೆ ಅತ್ತೆ ಇನ್ನೊಮ್ಮೆ ಕೇಳಬೇಕಾಯಿತು. ಎರಡನೆಯ ಸಲ ಗಟ್ಟಿಯಾಗಿ ಹೇಳಿದಳು, ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮತ್ತೆ ಆ ಹೆಸರು ಹಿಡಿದು ಕೂಗಿದರು. ಉಳಿದದ್ದನ್ನು ನಮ್ಮ ಮನೆಯವರು ಒಂದೊಂದಾಗಿ ಹೇಳಿಕೊಟ್ಟರು, ಗಂಜಿ ಕುಡಿದದ್ದು, ತಂಬಿ ಅಂತ ಕರೆದದ್ದು, ಊರ ಬಗ್ಗೆ ಮಾತಾಡಿದ್ದು. ಅತ್ತೆ ಅದನ್ನೆಲ್ಲ ಸೇರಿಸಿಕೊಂಡು ಅವನಿಗೆ ಅಂತಲೇ ಅತ್ತರು. ನಾವೆಲ್ಲ ಅತ್ತೆವು. ಆಮೇಲೆ ಅವಳು ಅತ್ತಳು.